ಔಷಧ ಹಿಡಿಯುವ ತನಕ: ಅಪ್ಲಾಸ್ಟಿಕ್ ಅನೀಮಿಯಾ ಇರುವ ಮನೆಯವರಿಗೆ

ಅಪ್ಲಾಸ್ಟಿಕ್ ಅನೀಮಿಯಾ ಅಂದರೆ ಮೂಳೆಯೊಳಗಿನ ಮಜ್ಜೆ (ಬೋನ್ ಮ್ಯಾರೋ) ಸಾಕಷ್ಟು ರಕ್ತಕಣ ತಯಾರಿಸದೆ ಹೋಗುವ ಕಾಯಿಲೆ. ರಕ್ತದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಬಿದ್ದಿದ್ದರೆ ಎಲ್ಲಕ್ಕಿಂತ ಮೊದಲು ಬಿ12 ಮತ್ತು ಫೋಲೇಟ್ ಎಂಬ ವಿಟಮಿನ್‌ಗಳ ಮಟ್ಟ ನೋಡಿಸಿ. ನಮ್ಮಲ್ಲಿ, ಅದರಲ್ಲೂ ಮೊಟ್ಟೆ ಮಾಂಸ ತಿನ್ನದ ಮನೆಗಳಲ್ಲಿ, ಬಿ12 ಕೊರತೆಯೊಂದೇ ಈ ಮೂರನ್ನೂ ಕೆಳಗಿಳಿಸಬಲ್ಲದು. ಅದು ಸುಲಭವಾಗಿ ವಾಸಿಯಾಗುವ ತೊಂದರೆ. ಆದರೆ ಆ ಪರೀಕ್ಷೆಗೆ ರಕ್ತ ಕೊಡುವುದು ಬಿ12 ಇಂಜೆಕ್ಷನ್ ಹಾಕಿಸಿಕೊಳ್ಳುವ ಮೊದಲೇ ಆಗಬೇಕು. ಸುಸ್ತು ಅಂತ ಹೋದ ಕೂಡಲೇ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಚುಚ್ಚಿಬಿಟ್ಟರೆ ಆಮೇಲೆ ಬರುವ ಬಿ12 ಅಂಕಿಯನ್ನು ನಂಬುವಂತಿಲ್ಲ. ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರಿಗೆ ಮಾಂಸಖಂಡಕ್ಕೆ ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಗಡ್ಡೆಯಾಗುವ ಅಪಾಯವೂ ಉಂಟು.

ಬಿ12 ಸರಿಯಿದ್ದರೆ ಮುಂದಿನದು ಬೋನ್ ಮ್ಯಾರೋ ಪರೀಕ್ಷೆ. ಸೊಂಟದ ಹಿಂಭಾಗದ ಮೂಳೆಯಿಂದ, ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಸಿರಿಂಜಿನಲ್ಲಿ ಎಳೆಯುವ ದ್ರವ ಒಂದು, ಸೂಜಿಯಲ್ಲಿ ತೆಗೆಯುವ ಮೂಳೆಯ ಸಣ್ಣ ತುಂಡು ಇನ್ನೊಂದು. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಮಜ್ಜೆಯ ಜೀವಕೋಶಗಳ ಜಾಗದಲ್ಲಿ ಬರೀ ಕೊಬ್ಬು ತುಂಬಿರುತ್ತದೆ. ಹಾಗಾಗಿ ದ್ರವದಲ್ಲಿ ಹೆಚ್ಚೇನೂ ಸಿಗದೆ ಹೋಗಬಹುದು, ತುಂಡೇ ಮಾತಾಡಬೇಕು. ಆ ತುಂಡಿನ ಸುಣ್ಣದಂಶ ಕರಗಿಸಿಯೇ ಅದನ್ನು ಕೊಯ್ದು ನೋಡಬೇಕಾದ್ದರಿಂದ ಅದರ ವರದಿ ನಿಧಾನ. ಲ್ಯಾಬಿನವರು ತಡಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ.

ಈ ಕಾಯಿಲೆ ಕ್ಯಾನ್ಸರ್ ಅಲ್ಲ, ಅಂಟುವುದೂ ಇಲ್ಲ. ಬಹುಪಾಲು ರೋಗಿಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಮಜ್ಜೆಯ ಮೇಲೆ ದಾಳಿ ಮಾಡುತ್ತಿರುತ್ತದೆ. ಚಿಕಿತ್ಸೆಗೆ ಎರಡು ದಾರಿ. ವಯಸ್ಸು ಚಿಕ್ಕದಿದ್ದು ಒಡಹುಟ್ಟಿದವರಲ್ಲಿ ಯಾರಾದರೂ ಪೂರ್ತಿ ಹೊಂದಿದರೆ ಮಜ್ಜೆಯ ಕಸಿ. ಇಲ್ಲದಿದ್ದರೆ ಆ ದಾಳಿಯನ್ನು ಅಡಗಿಸಲು, ಕುದುರೆಯ ರಕ್ತದಿಂದ ತಯಾರಿಸಿದ ಎಟಿಜಿ ಎಂಬ ಔಷಧವನ್ನು 4 ದಿನ ಡ್ರಿಪ್ಪಿನಲ್ಲಿ ಕೊಟ್ಟು, ಜೊತೆಗೆ ಅದೇ ಕೆಲಸ ಮಾಡುವ ಸೈಕ್ಲೋಸ್ಪೋರಿನ್ ಮತ್ತು ರಕ್ತಕಣ ಬೆಳೆಯಲು ಉತ್ತೇಜಿಸುವ ಎಲ್ಟ್ರಾಂಬೊಪಾಗ್ ಮಾತ್ರೆ. ಈ ಎರಡನೆಯ ದಾರಿಯಲ್ಲಿ ಫಲ ಬಂತೋ ಇಲ್ಲವೋ ಅಂತ ನೋಡುವುದು 3 ತಿಂಗಳಿಗೆ, ಮತ್ತೆ 6 ತಿಂಗಳಿಗೆ. ಅಲ್ಲಿಯ ತನಕ ರೋಗಿ ಬದುಕಿರುವುದು ದಾನಿಗಳ ರಕ್ತದಿಂದ, ಸೋಂಕು ತಗಲದಂತೆ ನೋಡಿಕೊಳ್ಳುವ ಮನೆಯವರಿಂದ. ಡಾಕ್ಟರ ಕೆಲಸದ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ. ಆ ತಿಂಗಳುಗಳಲ್ಲಿ ಮನೆಯವರ ಪಾಲಿಗೆ ಬರುವ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಅದನ್ನು ಹೇಳಿಕೊಡುವಷ್ಟು ಪುರುಸೊತ್ತು ಓಪಿಡಿಯಲ್ಲಿ ಯಾರಿಗೂ ಇರುವುದಿಲ್ಲ.

ಅಣ್ಣ ತಮ್ಮಂದಿರ ರಕ್ತ ಬೇಡ

ರಕ್ತ ಬೇಕು ಅಂದ ತಕ್ಷಣ ಮೊದಲು ತೋಳು ಚಾಚುವವರು ಅಣ್ಣ, ತಂಗಿ, ಅಪ್ಪ, ಚಿಕ್ಕಪ್ಪ. ಈ ಕಾಯಿಲೆಯಲ್ಲಿ ಅವರನ್ನೇ ತಡೆಯಬೇಕು. ನಾಳೆ ಮಜ್ಜೆ ಕೊಡಬೇಕಾದ ತಮ್ಮನ ರಕ್ತ ಇವತ್ತೇ ಮೈಗೆ ಹೋದರೆ, ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಅದೇ ತಮ್ಮನ ಮಜ್ಜೆ ಕಸಿ ಮಾಡಿದಾಗ ಅದು ನಾಟದೆ ಹೋಗುವ ಸಂಭವ ಹೆಚ್ಚು. ಇನ್ನೊಂದು ಅಪಾಯ ಇದಕ್ಕಿಂತ ಭೀಕರ. ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿ ಕಣಗಳನ್ನು ರೋಗಿಯ ದೇಹ ಪರಕೀಯ ಅಂತ ಗುರುತಿಸದೆ ಒಳಗೆ ಬಿಟ್ಟುಕೊಳ್ಳಬಹುದು. ಅವು ಅಲ್ಲೇ ಬೆಳೆದು ರೋಗಿಯ ಚರ್ಮ, ಲಿವರ್, ಮಜ್ಜೆಯ ಮೇಲೆ ಬಿದ್ದರೆ ಉಳಿಯುವವರು ಬಲು ಕಡಿಮೆ. ಇದನ್ನು ತಡೆಯಲು ರಕ್ತದ ಚೀಲಕ್ಕೆ 25 ಗ್ರೇ ಪ್ರಮಾಣದ ವಿಕಿರಣ ಕೊಡುತ್ತಾರೆ.

ಹಾಗಾಗಿ ರಕ್ತದ ರಿಕ್ವೆಸ್ಟ್ ಫಾರ್ಮಿನಲ್ಲಿ ಎರಡು ಪದ ಇದೆಯೇ ಅಂತ ನೀವೇ ನೋಡಬೇಕು: ಇರ‍್ರೇಡಿಯೇಟೆಡ್, ಲ್ಯೂಕೋರೆಡ್ಯೂಸ್ಡ್. ಮೊದಲನೆಯದು ವಿಕಿರಣ ಕೊಟ್ಟ ರಕ್ತ, ಎರಡನೆಯದು ಬಿಳಿ ಕಣಗಳನ್ನು ಸೋಸಿ ತೆಗೆದ ರಕ್ತ. ಡಾಕ್ಟರು ಬರೆಯಲು ಮರೆತಿದ್ದರೆ ಕೇಳಿ ಬರೆಸಿ. ವಿಕಿರಣದ ಯಂತ್ರ ಬೆಂಗಳೂರಿನ ಎಲ್ಲ ಬ್ಲಡ್ ಬ್ಯಾಂಕುಗಳಲ್ಲೂ ಇಲ್ಲ. ದಾನಿಯನ್ನು ಕಳಿಸುವ ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಬಂದ ಚೀಲದ ಮೇಲೆ ವಿಕಿರಣ ಕೊಟ್ಟದ್ದಕ್ಕೆ ಗುರುತಿನ ಚೀಟಿ ಅಂಟಿಸಿರುತ್ತಾರೆ. ಅದು ಕಾಣಿಸದಿದ್ದರೆ ನರ್ಸ್ ಚೀಲ ನೇತುಹಾಕುವ ಮೊದಲೇ ಕೇಳಿ. ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ರಕ್ತ ಕೊಡಬೇಡಿ ಅಂದರೆ ಮನೆಯವರಿಗೆ ನೋವಾಗುತ್ತದೆ. ಅವರಿಗೆ ಹೇಳಬೇಕಾದ್ದು ಇಷ್ಟು: ನಿಮ್ಮಿಂದ ಬೇಕಾಗಿರುವುದು ಇದಕ್ಕಿಂತ ದೊಡ್ಡದು, ಈಗ ಎಚ್‌ಎಲ್‌ಎ ಪರೀಕ್ಷೆಗೆ ಮಾತ್ರ ಬನ್ನಿ. ನಿಮ್ಮ ಮಜ್ಜೆ ರೋಗಿಗೆ ಹೊಂದುತ್ತದೆಯೇ ಅಂತ ನೋಡುವ ಪರೀಕ್ಷೆ ಅದು. ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಿದ್ದರೆ ಅವರಲ್ಲಿ ಒಬ್ಬರಾದರೂ ಹೊಂದುವ ಸಾಧ್ಯತೆ ಸುಮಾರು 44%. ಮಜ್ಜೆ ಕೊಟ್ಟರೆ ಬೆನ್ನು ಬಿದ್ದುಹೋಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತುಗಳಲ್ಲಿ ಹುರುಳಿಲ್ಲ. ಅನಸ್ತೇಸಿಯಾ ಕೊಟ್ಟು ಸೊಂಟದ ಮೂಳೆಯಿಂದ ತೆಗೆಯುತ್ತಾರೆ, ಕೆಲವು ದಿನ ಸೊಂಟ ನೋಯುತ್ತದೆ, ತೆಗೆದಷ್ಟು ಮಜ್ಜೆಯನ್ನು ದೇಹ ಮತ್ತೆ ತುಂಬಿಕೊಳ್ಳುತ್ತದೆ.

ಪ್ಲೇಟ್‌ಲೆಟ್ ದಾನಿಗಳ ಪಟ್ಟಿ

ಕೆಂಪು ರಕ್ತದ ಚೀಲ ಫ್ರಿಜ್ಜಿನಲ್ಲಿ 35ರಿಂದ 42 ದಿನ ಇರುತ್ತದೆ. ಪ್ಲೇಟ್‌ಲೆಟ್ ಹಾಗಲ್ಲ. 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡುವ ತಟ್ಟೆಯ ಮೇಲೆ, ಬರೀ 5 ದಿನ. ದಾನಿಯ ರಕ್ತದ ಸೋಂಕು ಪರೀಕ್ಷೆಗಳಿಗೇ ಅದರಲ್ಲಿ ಒಂದಿಷ್ಟು ಹೊತ್ತು ಹೋಗುತ್ತದೆ. ಅದಕ್ಕೇ ‘ಬೇಕಾದಾಗ ತರೋಣ’ ಎಂಬ ಲೆಕ್ಕ ಪ್ಲೇಟ್‌ಲೆಟ್ ವಿಷಯದಲ್ಲಿ ಕೈಕೊಡುತ್ತದೆ.

ಒಂದು ಎಸ್‌ಡಿಪಿ, ಅಂದರೆ ಒಬ್ಬರೇ ದಾನಿಯಿಂದ ಯಂತ್ರದಲ್ಲಿ ತೆಗೆದ ಚೀಲ, ಸಾಮಾನ್ಯ ರಕ್ತದಾನದಿಂದ ಬೇರ್ಪಡಿಸಿದ ಸುಮಾರು 6 ಆರ್‌ಡಿಪಿ ಚೀಲಗಳಿಗೆ ಸಮ. ದೊಡ್ಡವರಲ್ಲಿ ಎಣಿಕೆಯನ್ನು 30ರಿಂದ 50 ಸಾವಿರದಷ್ಟು ಏರಿಸಬಹುದು. ಆದರೆ ಕೆಲವೇ ದಿನಗಳಲ್ಲಿ ಅದು ಮತ್ತೆ ಇಳಿಯುತ್ತದೆ. ಆರು ಜನರ ಬದಲು ಒಬ್ಬರದೇ ಕಣಗಳು ಹೋಗುವುದರಿಂದ, ದೀರ್ಘಕಾಲ ಪ್ಲೇಟ್‌ಲೆಟ್ ಬೇಕಾಗುವವರಿಗೆ ಎಸ್‌ಡಿಪಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ವಾರಕ್ಕೆ ಒಂದು ಎಸ್‌ಡಿಪಿ ಬೇಕಾದರೂ ಮೂರು ತಿಂಗಳಿಗೆ 12 ಚೀಲ. ಬರುತ್ತೇನೆ ಅಂದವರಲ್ಲಿ ಎಲ್ಲರೂ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ದಾನಿಯ ತೂಕ 50 ಕೆಜಿಗಿಂತ ಹೆಚ್ಚಿರಬೇಕು, ಪ್ಲೇಟ್‌ಲೆಟ್ ಎಣಿಕೆ ಒಂದೂವರೆ ಲಕ್ಷ ದಾಟಿರಬೇಕು, ಹಿಂದಿನ 3 ದಿನದಲ್ಲಿ ಆಸ್ಪಿರಿನ್ ನುಂಗಿರಬಾರದು, ಮೊಣಕೈ ಮಡಿಕೆಯ ರಕ್ತನಾಳ ದಪ್ಪಗಿರಬೇಕು. ಈ ರಕ್ತನಾಳದ ವಿಷಯದಲ್ಲೂ ಹಲವರು ತಿರಸ್ಕೃತರಾಗುತ್ತಾರೆ. ಅದಕ್ಕೆ ಸಂಬಂಧಿಕರಲ್ಲದ, ಹೊಂದುವ ಗುಂಪಿನ 15–20 ಜನರ ಪಟ್ಟಿಯನ್ನು ಮೊದಲ ವಾರದಲ್ಲೇ ಮಾಡಿ. ಒಂದು ದಿನ ಮುಂಚೆ ಸ್ಯಾಂಪಲ್ ಕೊಟ್ಟು, ರಕ್ತನಾಳ ತೋರಿಸಿ ಬರುವಂತೆ ಹೇಳಿ. ದಾನದ ದಿನ ಹೊಟ್ಟೆ ತುಂಬ ತಿಂದು, ನೀರು ಕುಡಿದು ಬರಲಿ. ಯಂತ್ರದ ಮೇಲೆ ಒಂದರಿಂದ ಎರಡು ಗಂಟೆ ಕೂರಬೇಕು. ತುಟಿ, ಬೆರಳ ತುದಿ ಜುಮುಜುಮು ಅಂದರೆ ಅದು ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟಿನ ಪರಿಣಾಮ. ಹೇಳಿದರೆ ವೇಗ ತಗ್ಗಿಸಿ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಒಮ್ಮೆ ಕೊಟ್ಟವರು 48 ಗಂಟೆ ಕಳೆದ ಮೇಲೆ ಮತ್ತೆ ಕೊಡಬಹುದು ಅನ್ನುತ್ತದೆ ನಿಯಮ. ಆದರೆ ಒಳ್ಳೆಯ ದಾನಿಗಳನ್ನು ಹಿಂಡಬೇಡಿ, ಅವರು ಮುಂದಿನ ತಿಂಗಳಿಗೂ ಬೇಕು.

ಬೆಂಗಳೂರಿನಲ್ಲಿ ದಾನಿಗಳು ಸಿಗದ ದಿನಗಳು ಮೊದಲೇ ಗೊತ್ತಿರುವಂಥವು. ಯುಗಾದಿ, ದಸರಾ, ದೀಪಾವಳಿ, ಸಂಕ್ರಾಂತಿ, ಶುಕ್ರವಾರವೋ ಸೋಮವಾರವೋ ರಜೆ ಬಿದ್ದ ವಾರಾಂತ್ಯಗಳು: ಅರ್ಧ ಊರು ಬಸ್ ಹತ್ತಿರುತ್ತದೆ. ಮಳೆಗಾಲದಲ್ಲಿ ಡೆಂಗೆ ಹೆಚ್ಚಾದಾಗ ಎಲ್ಲ ಆಸ್ಪತ್ರೆಗಳೂ ಪ್ಲೇಟ್‌ಲೆಟ್ ಕೇಳುತ್ತಿರುತ್ತವೆ. ಕ್ಯಾಲೆಂಡರ್ ಇಟ್ಟುಕೊಂಡು ಆ ದಿನಗಳಿಗೆ ಊರಲ್ಲೇ ಇರುವ ಇಬ್ಬರನ್ನಾದರೂ ಮುಂಚೆ ಗೊತ್ತುಮಾಡಿ. ದುಡ್ಡು ತೆಗೆದುಕೊಂಡು ರಕ್ತ ಕೊಡುತ್ತೇನೆ ಅಂತ ಆಸ್ಪತ್ರೆ ಗೇಟಿನಲ್ಲಿ ಯಾರಾದರೂ ಸಿಕ್ಕಿದರೆ ಒಪ್ಪಬೇಡಿ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ 1998ರಿಂದ ಅದು ನಿಷಿದ್ಧ. ಕಾರಣ ಬರೀ ಕಾನೂನಲ್ಲ. ದುಡ್ಡಿಗಾಗಿ ಕೊಡುವವನು ತನ್ನ ಕಾಯಿಲೆಯನ್ನು ಮುಚ್ಚಿಡುತ್ತಾನೆ.

ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದರೆ ಚೀಲ ತರುವ ಕೆಲಸವೂ ಮನೆಯವರದೇ. ಕೆಂಪು ರಕ್ತವನ್ನು ತಂಪಿನ ಪೆಟ್ಟಿಗೆಯಲ್ಲಿ ತನ್ನಿ. ಪ್ಲೇಟ್‌ಲೆಟ್ಟನ್ನು ಐಸಿನಲ್ಲಿ ಇಡಬೇಡಿ, ವಾರ್ಡಿನ ಫ್ರಿಜ್ಜಿನಲ್ಲಿ ಇಡಲು ಬಿಡಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ. ತಂದ ಕೂಡಲೇ ಹಾಕಿಸಿ. ಒಳ್ಳೆಯ ಪ್ಲೇಟ್‌ಲೆಟ್ ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ಓಲಾಡಿಸಿದರೆ ಹಳದಿ ದ್ರವದೊಳಗೆ ಊದುಬತ್ತಿಯ ಹೊಗೆಯಂಥ ಸುಳಿಗಳು ಹೊಳೆಯುತ್ತಾ ತಿರುಗುತ್ತವೆ. ಸುಳಿಯೇ ಇಲ್ಲದೆ ಮಂಕಾಗಿದ್ದರೆ, ಅಥವಾ ಗಂಟುಗಂಟಾಗಿದ್ದರೆ, ಡಾಕ್ಟರಿಗೆ ತೋರಿಸದೆ ಹಾಕಿಸಬೇಡಿ. ಹಾಕಿ ಮುಗಿದು ಒಂದು ಗಂಟೆಯೊಳಗೆ ಒಮ್ಮೆ ಎಣಿಕೆ ನೋಡಿಸುವುದು ಒಳ್ಳೆಯದು. ಪದೇ ಪದೇ ಆಗಲೂ ಏರದಿದ್ದರೆ ದೇಹ ಪ್ರತಿಕಾಯ ಕಟ್ಟಿಕೊಂಡಿರಬಹುದು. ಆಗ ಇನ್ನಷ್ಟು ಚೀಲ ಸುರಿದು ಪ್ರಯೋಜನವಿಲ್ಲ, ಎಚ್‌ಎಲ್‌ಎ ಹೊಂದುವ ದಾನಿ ಬೇಕು.

ಅಂಕಿಗಳು

ಲ್ಯಾಬಿನಿಂದ ಲ್ಯಾಬಿಗೆ ಬರೆಯುವ ರೀತಿ ಬೇರೆ. 12 ಸಾವಿರ ಪ್ಲೇಟ್‌ಲೆಟ್ಟನ್ನು ಒಂದು ಕಡೆ 0.12 ಲಕ್ಷ ಅಂತ ಬರೆದರೆ ಇನ್ನೊಂದು ಕಡೆ ಬರೀ 12 ಅಂತ ಅಚ್ಚಾಗಿರುತ್ತದೆ. ಫೋನಿನಲ್ಲಿ ಹೇಳುವಾಗ ಗಾಬರಿಯಲ್ಲಿ 0.12 ಹೋಗಿ 1.2 ಲಕ್ಷ ಆಗಿಬಿಡುತ್ತದೆ, ಕೇಳಿದವರು ನೆಮ್ಮದಿಯಾಗಿ ಮಲಗುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಪೂರ್ಣ ಸಂಖ್ಯೆಯಲ್ಲಿ, 12,000 ಅಂತ, ತಾರೀಕು ಹಾಕಿ ಬರೆದಿಡಿ. ಯಾವ ದಿನ ಯಾವ ಚೀಲ ಹೋಯಿತು ಎಂಬುದೂ ಪಕ್ಕದಲ್ಲೇ ಇರಲಿ. ಇಲ್ಲದಿದ್ದರೆ ಏರಿದ್ದು ಮಜ್ಜೆಯಿಂದಲೋ ಚೀಲದಿಂದಲೋ ಗೊತ್ತಾಗುವುದಿಲ್ಲ.

ಬಿಳಿ ಕಣಗಳ ಒಟ್ಟು ಸಂಖ್ಯೆಗಿಂತ ಮುಖ್ಯವಾದದ್ದು ಅವುಗಳಲ್ಲಿ ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಕಣಗಳ ಎಣಿಕೆ, ಅಂದರೆ ಎಎನ್‌ಸಿ. ಒಟ್ಟು ಬಿಳಿ ಕಣ 1,800, ನ್ಯೂಟ್ರೋಫಿಲ್ 22% ಇದ್ದರೆ 1,800 × 22 ÷ 100 = 396. 500ಕ್ಕಿಂತ ಕೆಳಗೆ ಅಂದರೆ ತೀವ್ರ ಅಪಾಯದ ವಲಯ, 200ಕ್ಕಿಂತ ಕೆಳಗೆ ಇನ್ನೂ ಕಷ್ಟ.

ಈ ವಲಯದಲ್ಲಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ. ಅಳೆಯುವ ಮೊದಲೇ ಪ್ಯಾರಸಿಟಮಾಲ್ ಕೊಟ್ಟು ಜ್ವರ ಮುಚ್ಚಬೇಡಿ. ಐಬುಪ್ರೊಫೆನ್, ಆಸ್ಪಿರಿನ್ ಅಂತೂ ಕೂಡದೇ ಕೂಡದು, ಅವು ಇರುವಷ್ಟು ಪ್ಲೇಟ್‌ಲೆಟ್ಟನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ, ರೋಗಾಣು ಯಾವುದೆಂದು ನೋಡುವ ಬ್ಲಡ್ ಕಲ್ಚರಿಗೆ ರಕ್ತ ತೆಗೆದು, ಮೊದಲ ಆಂಟಿಬಯೋಟಿಕ್ ಡೋಸ್ ರಕ್ತನಾಳಕ್ಕೆ ಹೋಗಬೇಕು. ಸಂಜೆ 6ಕ್ಕೆ ಹೆಬ್ಬಾಳದಿಂದ ಹೊಸೂರು ರಸ್ತೆಗೆ ಹೊರಟರೆ ಆಸ್ಪತ್ರೆ ಮುಟ್ಟುವ ಮೊದಲೇ ಗಂಟೆಗಳು ಸಿಲ್ಕ್ ಬೋರ್ಡಿನಲ್ಲೇ ಕಳೆದುಹೋಗುತ್ತವೆ. ನಿಮ್ಮ ಹೆಮಟಾಲಜಿಸ್ಟನ್ನು (ರಕ್ತರೋಗ ತಜ್ಞರನ್ನು) ಮೊದಲೇ ಕೇಳಿ, ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಮೊದಲ ಡೋಸ್ ಹಾಕಿಸಬಹುದು ಅಂತ ತೀರ್ಮಾನಿಸಿ, ಔಷಧದ ಹೆಸರನ್ನು ಅವರ ಲೆಟರ್‌ಹೆಡ್ಡಿನಲ್ಲಿ ಬರೆಸಿಟ್ಟುಕೊಳ್ಳಿ. ಎಮರ್ಜೆನ್ಸಿಯಲ್ಲಿ ‘ಜ್ವರ ಬಂದಿದೆ’ ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ. ‘ಅಪ್ಲಾಸ್ಟಿಕ್ ಅನೀಮಿಯಾ, ಎಎನ್‌ಸಿ 300, ಜ್ವರ 101’ ಅಂತ ಹೇಳಿ, ಆ ಪತ್ರ ತೋರಿಸಿ.

ರಕ್ತಸ್ರಾವದಲ್ಲಿ ಚರ್ಮದ ಮೇಲಿನ ಕೆಂಪು ಚುಕ್ಕೆಗಳಿಗಿಂತ ಬಾಯೊಳಗಿನ ಕಪ್ಪುಗೆಂಪು ಗುಳ್ಳೆಗಳು ಹೆಚ್ಚು ಎಚ್ಚರಿಕೆಯ ಸೂಚನೆ. ತೀವ್ರ ತಲೆನೋವು, ಅದರ ಜೊತೆ ವಾಂತಿ, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಹೊರಡಿ. ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಚೆಲ್ಲಬೇಡಿ. ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಹಿಡಿಯಿರಿ. ಹೆಣ್ಣುಮಕ್ಕಳಿಗೆ ಮುಟ್ಟನ್ನು ತಡೆಹಿಡಿಯುವ ಮಾತ್ರೆ ಬೇಕಾಗುತ್ತದೆ. ಸಂಕೋಚದಿಂದ ಇದನ್ನು ಹೇಳದೆ ಉಳಿಸಿಕೊಳ್ಳುವವರು ಬಹಳ, ಅಮ್ಮಂದಿರೇ ಮುಂದಾಗಿ ಡಾಕ್ಟರ ಹತ್ತಿರ ಮಾತಾಡಬೇಕು.

ಮಾತ್ರೆ ಮತ್ತು ಅಡುಗೆಮನೆ

ಎಲ್ಟ್ರಾಂಬೊಪಾಗ್ ಮಾತ್ರೆಗೆ ಕ್ಯಾಲ್ಸಿಯಂ ಆಗದು. ಹೊಟ್ಟೆಯಲ್ಲಿ ಎರಡೂ ಸೇರಿದರೆ ಮಾತ್ರೆ ಅದಕ್ಕೇ ಅಂಟಿಕೊಂಡು ಮೈಗೆ ಹತ್ತದೆ ಹೊರಹೋಗುತ್ತದೆ. ಹಾಲು, ಮೊಸರು ಬೇಡ ಅಂತ ಚೀಟಿಯಲ್ಲಿ ಬರೆದಿರುತ್ತದೆ, ರಾಗಿ ಅಂತ ಯಾರೂ ಬರೆಯುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಬೆಳಗ್ಗೆ ರಾಗಿ ಅಂಬಲಿಯ ಜೊತೆ ಈ ದುಬಾರಿ ಮಾತ್ರೆ ನುಂಗಿದರೆ ದುಡ್ಡು ನೀರಿಗೆ ಹಾಕಿದಂತೆ. ಕ್ಯಾಲ್ಸಿಯಂ ಇರುವ ಆಹಾರಕ್ಕೆ, ಆಂಟಾಸಿಡ್‌ಗೆ, ಕಬ್ಬಿಣದ ಮಾತ್ರೆಗೆ 2 ಗಂಟೆ ಮುಂಚೆ ಅಥವಾ 4 ಗಂಟೆ ನಂತರ ಎಂಬುದು ನಿಯಮ. ನಮ್ಮ ಮನೆಗಳ ದಿನಚರಿಗೆ ಸುಲಭವಾಗಿ ಕೂಡಿಬರುವುದು ಬೆಳಗ್ಗೆ 6ಕ್ಕೆ ಬರೀ ನೀರಿನಲ್ಲಿ ಮಾತ್ರೆ, 8ರ ಮೇಲೆ ಕಾಫಿ. ಮುದ್ದೆ ಮಧ್ಯಾಹ್ನಕ್ಕಿರಲಿ.

ಸೈಕ್ಲೋಸ್ಪೋರಿನ್ 12 ಗಂಟೆಗೊಮ್ಮೆ. ಇದರ ಮಟ್ಟ ನೋಡುವ ಪರೀಕ್ಷೆಯಲ್ಲಿ ಆಗುವ ತಪ್ಪು ಒಂದೇ, ಆದರೆ ಪದೇ ಪದೇ ಆಗುತ್ತದೆ: ಅಭ್ಯಾಸಬಲದಿಂದ ಬೆಳಗಿನ ಕ್ಯಾಪ್ಸೂಲ್ ನುಂಗಿ ಲ್ಯಾಬಿಗೆ ಹೋಗುವುದು. ಆಗ ಮಟ್ಟ ಸುಳ್ಳುಸುಳ್ಳೇ ಹೆಚ್ಚು ಬರುತ್ತದೆ, ಡೋಸ್ ಇಳಿಸುತ್ತಾರೆ, ಮಜ್ಜೆಗೆ ಸಿಗಬೇಕಾದ ರಕ್ಷಣೆ ತಪ್ಪುತ್ತದೆ. ಲ್ಯಾಬ್ 9ಕ್ಕೆ ತೆರೆಯುವುದಾದರೆ ಹಿಂದಿನ ರಾತ್ರಿ 9ಕ್ಕೆ ಡೋಸ್ ತೆಗೆದುಕೊಂಡು, ಬೆಳಗಿನದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ಅಲ್ಲೇ ನುಂಗಿ. ಕ್ಯಾಪ್ಸೂಲನ್ನು ಫಾಯಿಲಿನಿಂದ ಮುಂಚೆಯೇ ಬಿಡಿಸಿ ಡಬ್ಬಿಗೆ ಹಾಕಬೇಡಿ. ಕಂಪನಿ ಬದಲಾಯಿಸಿದರೆ ಮಟ್ಟವೂ ಬದಲಾಗಬಹುದು, ಮೆಡಿಕಲ್ ಶಾಪಿನವರು ‘ಅದೇ ಸಾರ್, ಬೇರೆ ಕಂಪನಿ’ ಅಂದಾಗ ಡಾಕ್ಟರನ್ನು ಕೇಳಿ. ಚಕ್ಕೋತ ಹಣ್ಣು ಪೂರ್ತಿ ವರ್ಜ್ಯ. ದೇವನಹಳ್ಳಿಯದಾದರೂ ಸರಿಯೇ, ಅದು ರಕ್ತದಲ್ಲಿ ಈ ಔಷಧದ ಮಟ್ಟವನ್ನು ಏರಿಸುತ್ತದೆ. ಈ ಔಷಧ ಪೊಟ್ಯಾಷಿಯಂ ಏರಿಸುವುದೂ ಉಂಟು. ಹಾಗಾಗಿ ಸುಸ್ತಿಗೆ ಅಂತ ದಿನಕ್ಕೆರಡು ಎಳನೀರು ಕುಡಿಸುವುದು ಒಳ್ಳೆಯದಲ್ಲ. ಬಿಪಿ ಮನೆಯಲ್ಲೇ ನೋಡಿ. ಒಸಡು ಊದಿಕೊಳ್ಳುವುದು, ಮೈಮೇಲೆ ರೋಮ ಹೆಚ್ಚುವುದು, ಕೈ ನಡುಗುವುದು ಇದರದೇ ಅಡ್ಡಪರಿಣಾಮ. ಹೆಣ್ಣುಮಕ್ಕಳು ಮುಖದ ರೋಮಕ್ಕೆ ಹೆದರಿ ಔಷಧ ಬಿಟ್ಟುಬಿಡದಂತೆ ಮೊದಲೇ ತಿಳಿಸಿ ಹೇಳಿ. ನಿಲ್ಲಿಸಿದ ಮೇಲೆ ಅದು ಹೋಗುತ್ತದೆ.

ಊಟದಲ್ಲಿ ವಿಪರೀತ ಪಥ್ಯದಿಂದ ಸೋಂಕು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಬೇಯಿಸಿದ್ದು, ಬಿಸಿಯಾದದ್ದು, ಆಗತಾನೇ ಮಾಡಿದ್ದು ಸಾಕು. ಎಣಿಕೆ ತೀರಾ ಕೆಳಗಿರುವಾಗ ಬಿಡಬೇಕಾದವು ಕೋಸಂಬರಿ, ದರ್ಶಿನಿಯ ಹಸಿ ಕಾಯಿಚಟ್ನಿ, ಪಾನಿಪುರಿ, ಕೊಯ್ದಿಟ್ಟ ಹಣ್ಣು. ದೇವಸ್ಥಾನದ ತೀರ್ಥ, ಪಂಚಾಮೃತವನ್ನು ಕಣ್ಣಿಗೊತ್ತಿಕೊಂಡು ಬಿಟ್ಟುಬಿಡಲಿ. ಸೋಂಕಿನಲ್ಲಿ ನಾನು ಎಲ್ಲಕ್ಕಿಂತ ಹೆದರುವುದು ಶಿಲೀಂಧ್ರಕ್ಕೆ. ಅದರ ಬೀಜಕಣ ಬರುವುದು ಗಾಳಿಯಲ್ಲಿ: ಪಕ್ಕದ ಸೈಟಿನಲ್ಲಿ ಕಟ್ಟಡ ಕೆಡವುವಾಗ, ಮೆಟ್ರೋಗೆ ಅಗೆಯುವಾಗ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಗೋಡೆಯಿಂದ, ಕುಂಡದ ಮಣ್ಣಿನಿಂದ. ಹೊರಗೆ ಹೊರಟರೆ ಎನ್‌95 ಇರಲಿ, ಕುಂಡಗಳನ್ನು ರೋಗಿಯ ಕೋಣೆಯಿಂದ ಆಚೆ ಇಡಿ, ಬಾಲ್ಕನಿಯ ಪಾರಿವಾಳದ ಹಿಕ್ಕೆಯನ್ನು ಬೇರೆಯವರು ಒದ್ದೆ ಮಾಡಿ ತೆಗೆಯಲಿ. ಒಣಗಿದ್ದನ್ನು ಗುಡಿಸಿದರೆ ಧೂಳೆಲ್ಲ ಒಳಗೇ ಬರುತ್ತದೆ.

ಪರಂಗಿ ಎಲೆಯ ರಸದ ಸಲಹೆ ಬಂದೇ ಬರುತ್ತದೆ. ಡೆಂಗೆಯಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ, ಏಕೆಂದರೆ ಮಜ್ಜೆ ಸರಿಯಿರುತ್ತದೆ. ಇಲ್ಲಿ ಅದೇ ಖಾಲಿ. ಬೀಟ್‌ರೂಟ್, ದಾಳಿಂಬೆ ತಿಂದರೆ ತಪ್ಪೇನಿಲ್ಲ, ಆದರೆ ಕಬ್ಬಿಣದ ಟಾನಿಕ್ ಬೇಡ. ಒಂದು ಚೀಲ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಸುಮಾರು 20 ಚೀಲವಾಗುವ ಹೊತ್ತಿಗೆ, ಮೈಯಲ್ಲಿ ಕೂಡಿದ ಕಬ್ಬಿಣ ತೋರಿಸುವ ಫೆರಿಟಿನ್ ಪರೀಕ್ಷೆ ನೋಡಿ ಕಬ್ಬಿಣ ಇಳಿಸುವ ಡೆಫೆರಾಸಿರಾಕ್ಸ್ ಬಗ್ಗೆ ಡಾಕ್ಟರನ್ನು ಕೇಳಿ. ಅದೂ ಸೈಕ್ಲೋಸ್ಪೋರಿನ್ನೂ ಎರಡೂ ಕಿಡ್ನಿಗೆ ಭಾರ, ಕ್ರಿಯಾಟಿನಿನ್ ತಪ್ಪದೆ ನೋಡಿಸಬೇಕು. ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಅಮೃತಬಳ್ಳಿ ಕಷಾಯ ಖಂಡಿತ ಬೇಡ. ಮಜ್ಜೆಯನ್ನು ತಿನ್ನುತ್ತಿರುವುದೇ ಆ ಇಮ್ಯುನಿಟಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಕಾಗದಪತ್ರ

ಚಿಕ್ಕ ವಯಸ್ಸಿನವರಿಗೆ ಎಟಿಜಿಯೋ ಕಸಿಯೋ ಶುರುವಾಗುವ ಮೊದಲು ಫ್ಯಾಂಕೋನಿ ಅನೀಮಿಯಾ ಅಲ್ಲ ಅಂತ ಖಚಿತವಾಗಬೇಕು. ಅದು ಹುಟ್ಟಿನಿಂದ ಬರುವಂಥದು. ಕುಳ್ಳಗಿರುವುದು, ಹೆಬ್ಬೆರಳಿನ ದೋಷ, ಮೈಮೇಲೆ ಕಂದು ಮಚ್ಚೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಕ್ರೋಮೋಸೋಮ್ ಬ್ರೇಕೇಜ್ ಎಂಬ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಆ ಮಕ್ಕಳಿಗೆ ಎಟಿಜಿ ಕೆಲಸ ಮಾಡುವುದಿಲ್ಲ, ಕಸಿಯ ಮಾಮೂಲು ಡೋಸ್ ಕೀಮೋವನ್ನು ಅವರ ದೇಹ ತಡೆದುಕೊಳ್ಳುವುದೂ ಇಲ್ಲ. ದಾನಿಯಾಗುವ ಅಕ್ಕ ತಮ್ಮಂದಿರಿಗೂ ಅದೇ ಪರೀಕ್ಷೆ ಮಾಡಿಸಿ, ಅವರಲ್ಲಿ ಕಾಯಿಲೆ ಅಡಗಿರಬಹುದು. ಪಿಎನ್‌ಎಚ್‌ಗೆ ಫ್ಲೋ ಸೈಟೋಮೆಟ್ರಿ ಎಂಬ ರಕ್ತಪರೀಕ್ಷೆಯೂ ಈಗಲೇ ಆಗಲಿ. ಪಿಎನ್‌ಎಚ್ ಅಂದರೆ ಕೆಂಪು ರಕ್ತಕಣಗಳು ಒಡೆಯುವ ಒಂದು ಕಾಯಿಲೆ.

ಫ್ಯಾಂಕೋನಿ ಎಂದಾದರೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಮೊದಲ ಗುಂಪಿನಲ್ಲಿ ಅದು ಸೇರಿದೆ. 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನಲ್ಲಿ ಇದಕ್ಕೆ ಗೊತ್ತುಪಡಿಸಿದ ಕೇಂದ್ರ ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಅಪ್ಲಾಸ್ಟಿಕ್ ಅನೀಮಿಯಾದ ಮಕ್ಕಳ ಕಸಿಗೆ ಕೋಲ್ ಇಂಡಿಯಾದ ಥಲಸ್ಸೀಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷದವರೆಗೆ ಸಿಗುತ್ತದೆ, ಹೆಸರಿನಲ್ಲಿ ಥಲಸ್ಸೀಮಿಯಾ ಮಾತ್ರ ಇದೆ ಅಂತ ಬಿಡಬೇಡಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ರೋಗಿ ಆಸ್ಪತ್ರೆಗೆ ದಾಖಲಾಗುವ ಮೊದಲೇ ಅರ್ಜಿಗಳೆಲ್ಲ ಹೋಗಬೇಕು, ಕಟ್ಟಿಯಾದ ಬಿಲ್ಲಿಗೆ ದುಡ್ಡು ಹುಟ್ಟುವುದು ಕಷ್ಟ. ಬೋನ್ ಮ್ಯಾರೋ ವರದಿ, ಎಚ್‌ಎಲ್‌ಎ ವರದಿ, ಆಸ್ಪತ್ರೆಯ ಮೊಹರು ಸಹಿ ಇರುವ ಅಂದಾಜು ವೆಚ್ಚದ ಪತ್ರ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ರೋಗಿಯ ಮತ್ತು ದಾನಿಯ ಆಧಾರ್, ಪ್ರತಿಯೊಂದರ ಐದೈದು ಜೆರಾಕ್ಸ್ ಒಂದು ಫೈಲಿನಲ್ಲಿರಲಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಹೊತ್ತು ಹಿಡಿಯುತ್ತದೆ. ಎಚ್‌ಎಲ್‌ಎ ಸ್ಯಾಂಪಲ್ ಕೊಟ್ಟ ದಿನವೇ ಅದಕ್ಕೂ ಅರ್ಜಿ ಹಾಕಿಬಿಡಿ.